ಪೆಡಲ್ ಕುಸಿದ ಕಾರು: ಏಳನೇ ಕಂತು

ಯಶಸ್ವಿನಿ ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆಯಲಿಲ್ಲ. ಪೆಡಲ್ ಮಾತ್ರ ಅವಳ ಕಾಲಡಿಯಲ್ಲಿ ಮೆಲ್ಲಗೆ ಇಳಿಯುತ್ತಲೇ ಹೋಗಿ, ಕೊನೆಗೆ ಕಾರಿನ ತಳಕ್ಕೆ ತಾಗಿ ನಿಂತಿತು.

"ಇನ್ನೊಂದ್ಸಲ ಪಂಪ್ ಮಾಡಿ ಮೇಡಂ," ಎಂದು ಬಾನೆಟ್ಟಿನ ಆ ಕಡೆಯಿಂದ ಮೆಕ್ಯಾನಿಕ್ ಕದರಯ್ಯ ಕೂಗಿದ.

ಅವಳು ಬಿಟ್ಟು ಬಿಟ್ಟು ಮೂರ್ನಾಲ್ಕು ಸಲ ತುಳಿದಳು. ಪೆಡಲ್ ಮೇಲೆದ್ದು ಗಟ್ಟಿಯಾಯಿತು. ಹಾಗೇ ಒತ್ತಿ ಹಿಡಿದಳು. ಏನೂ ಆಗೇ ಇಲ್ಲವೆಂಬಂತೆ ಅದು ಮತ್ತೆ ಕುಸಿಯಿತು.

ಅವಳ ಅಕ್ಕ ನಂದಿತಾ ಕಳೆದ ತಿಂಗಳು ಹೆಬ್ಬೂರಿನಾಚೆ, ಕುಣಿಗಲ್ ರಸ್ತೆಯ ಕೆರೆ ಏರಿ ತಿರುವಿನಲ್ಲಿ ಸತ್ತದ್ದು ಇದೇ ಕಾರಿನಲ್ಲಿ. ಪೊಲೀಸರು 'ಅತಿವೇಗ' ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಅಕ್ಕನಿಗೆಲ್ಲಿಯ ಅತಿವೇಗ. ರಸ್ತೆಗೆ ಎಮ್ಮೆ ಅಡ್ಡ ಬಂದರೆ ಹಾರ್ನ್ ಹೊಡೆಯಲೂ ಸಂಕೋಚಪಟ್ಟು, ಅದು ತಾನಾಗಿ ಹೋಗಲೆಂದು ಕಾಯುವ ಹೆಂಗಸು ಅವಳು. ಆ ಪದ ಓದಿದ ದಿನದಿಂದ ಯಶಸ್ವಿನಿಯ ಹೊಟ್ಟೆಯಲ್ಲಿ ಹತ್ತಿಕೊಂಡ ಬೆಂಕಿ ಆರಿರಲಿಲ್ಲ. ಆರಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ. ಯಾರೋ ಒಬ್ಬರು ಇದಕ್ಕೆ ಉತ್ತರ ಕೊಡಬೇಕಿತ್ತು, ಆ ಒಬ್ಬರು ಯಾರೆಂದು ಮನಸ್ಸು ಆಗಲೇ ತೀರ್ಮಾನ ಮಾಡಿಕೊಂಡುಬಿಟ್ಟಿತ್ತು.

"ಏರ್ ಹಿಡ್ಕಂಡೈತೆ, ಅಷ್ಟೇಯ. ಬ್ಲೀಡಿಂಗ್ ಮಾಡಿ ಗಾಳಿ ತಗುದ್ರೆ ಸರಿ ಹೋಯ್ತದೆ," ಎಂದ ಕದರಯ್ಯ. ಶಿರಾ ಗೇಟ್ ಹಿಂಭಾಗದ ಈ ಗ್ಯಾರೇಜಿನಲ್ಲಿ ಅವನು ಕಾರು ನೋಡುವ ಮುಂಚೆಯೇ ಕಾಯಿಲೆ ಹೇಳುವ ಆಸಾಮಿ. ಹತ್ತರಲ್ಲಿ ಆರು ಸಲ ಸರಿಯಾಗಿರುತ್ತಿತ್ತು, ಉಳಿದ ನಾಲ್ಕನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

"ಗಾಳಿ ಇದ್ದಿದ್ರೆ ಪಂಪ್ ಮಾಡಿ ಹಿಡ್ಕೊಂಡ ಮೇಲೆ ನಿಲ್ಬೇಕಿತ್ತು ಕದರಣ್ಣ. ಇದು ನಿಲ್ತಿಲ್ಲ, ಜಾರ್ತಿದೆ."

"ಹಂಗಾರೆ ಎಲ್ಲೋ ಲೀಕು."

"ನೋಡೋಣ ಬನ್ನಿ."

ನಾಲ್ಕೂ ಚಕ್ರ ಬಿಚ್ಚಿ ನೋಡಿದರು. ಪೈಪುಗಳ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿದರು. ಎಲ್ಲೂ ಒಂದು ತೊಟ್ಟು ಒದ್ದೆ ಇಲ್ಲ. ಕಾರು ಏರಿಯ ಕಲ್ಲುಕಂಬಕ್ಕೆ ಬಲಮಗ್ಗುಲಲ್ಲಿ ಬಡಿದಿದ್ದರಿಂದ ಡ್ರೈವರ್ ಬಾಗಿಲು ಅಪ್ಪಚ್ಚಿಯಾಗಿತ್ತೇ ಹೊರತು ಬಾನೆಟ್ಟಿನೊಳಗಿನ ಒಂದು ತಿರುಪೂ ಅಲುಗಿರಲಿಲ್ಲ. ಈಗ ಆ ಜಾಗದಲ್ಲಿ ಗುಜರಿಯಿಂದ ತಂದ ನೀಲಿ ಬಾಗಿಲು ಕೂತಿತ್ತು, ಬಿಳಿ ಕಾರಿಗೆ. ಬಾಗಿಲು ಹಾಕಿಸಿಕೊಡುತ್ತೇನೆಂದು ಅಕ್ಕನ ಗಂಡನಿಂದ ಕಾರು ಕೇಳಿ ತಂದವಳು ಯಶಸ್ವಿನಿಯೇ.

ಗುದ್ದಿದ ಗಾಡಿ ನೋಡಿ, ಗುದ್ದಿದವರು ಹೇಳುವುದರಲ್ಲಿ ಎಷ್ಟು ನಿಜ ಎಂದು ಅಳೆಯುವುದೇ ಯಶಸ್ವಿನಿಯ ಹೊಟ್ಟೆಪಾಡು. ತುಮಕೂರಿನ ಇನ್ಶೂರೆನ್ಸ್ ಸರ್ವೇಯರುಗಳಲ್ಲಿ ಅವಳನ್ನು ಕಂಡರೆ ಗ್ಯಾರೇಜಿನವರಿಗೆ ಸ್ವಲ್ಪ ಭಯ. ಹೊರಗೆ ಸೋರದ ಆಯಿಲ್ಲು ಒಳಗೇ ಜಾರುತ್ತಿದೆ ಎಂದರೆ, ಪೆಡಲಿನ ಒತ್ತಡವನ್ನು ಹಿಡಿದು ಚಕ್ರಕ್ಕೆ ತಳ್ಳಬೇಕಾದ ಮಾಸ್ಟರ್ ಸಿಲಿಂಡರಿನೊಳಗೆ ರಬ್ಬರ್ ಸತ್ತಿದೆ ಎಂದರ್ಥ. ನಾಲ್ಕು ವರ್ಷದ ಕಾರಿನಲ್ಲಿ ರಬ್ಬರ್ ಯಾಕೆ ಸಾಯಬೇಕು?

ಅವಳು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿದಳು. ಮುಚ್ಚಳದೊಳಗಿನ ರಬ್ಬರ್ ಹಾಳೆ ನೆನೆಹಾಕಿದ ಹಪ್ಪಳದಂತೆ ಉಬ್ಬಿ ಜೋತುಬಿತ್ತು. ಮತ್ತೆ ಒಳಗೆ ತುರುಕಲು ನೋಡಿದರೆ ತನ್ನ ಜಾಗದಲ್ಲೇ ಅದು ಹಿಡಿಸಲಿಲ್ಲ.

ಕದರಯ್ಯ ಡಬ್ಬಿಯೊಳಗೆ ಬಗ್ಗಿ ನೋಡಿದ. ಆಯಿಲ್ಲಿನ ಮೇಲೆ ಬೆಳ್ಳಗೆ ಒಂದು ಪದರ ಹೆಪ್ಪುಗಟ್ಟಿತ್ತು.

"ಇದ್ಯಾರು ಇದ್ರೊಳಕ್ಕೆ ತುಪ್ಪ ಬುಟ್ಟವ್ರೆ?"

ಯಶಸ್ವಿನಿ ಬೆರಳ ತುದಿಯಲ್ಲಿ ಆ ಬಿಳಿಯನ್ನು ಗೀರಿ ತೆಗೆದಳು. ಪುಷ್ಯದ ಚಳಿಯಲ್ಲಿ ಕಲ್ಲಾಗಿದ್ದದ್ದು ಬೆರಳ ಬಿಸಿಗೆ ಕರಗಿ ನೀರಾಯಿತು. ಮೂಗಿನ ಹತ್ತಿರ ಹಿಡಿದಳು.

ಶಾಲೆಗೆ ಹೊರಡುವ ಮುಂಚೆ ಅಕ್ಕ ತನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದ ಬೆಳಗುಗಳೆಲ್ಲ ಒಟ್ಟಿಗೆ ನೆನಪಾಗಿ, ಅವಳಿಗೆ ಅಳು ಬಂತು. ಅತ್ತಳು ಕೂಡ. ಕದರಯ್ಯ ಆ ಕಡೆ ತಿರುಗಿಕೊಂಡು ಸ್ಪ್ಯಾನರ್ ಒರೆಸುತ್ತಾ ನಿಂತ.

"ಕೊಬ್ಬರಿ ಎಣ್ಣೆ," ಎಂದಳು ಕೊನೆಗೆ.

"ಅಯ್ಯೋ ಶಿವನೇ. ಬ್ರೇಕ್ ರಬ್ಬರ್‌ಗೆ ಎಣ್ಣೆ ತಾಕಂಗೇ ಇಲ್ವಲ್ಲ ಮೇಡಂ. ತಾಕಿದ್ರೆ ಊದ್ಕಂಡು ಗೊಜ್ಜಾಗೋಯ್ತದೆ."

"ಒಂದೇ ದಿನಕ್ಕಾಗುತ್ತಾ?"

"ಎಲ್ಲಿ ಆಯ್ತದೆ, ನಿಧಾನಕ್ಕೆ ತಿಂತದೆ. ಒಂದು ತಿಂಗ್ಳು, ಎರಡು ತಿಂಗ್ಳು. ಒಂದಿನ ಕಾಲಿಟ್ರೆ ಕೆಳೀಕೆ ಹೋಯ್ತದೆ, ಅಷ್ಟೇ."

ಪೈಪು ಕೊಯ್ದಿದ್ದರೆ ಗೇಟು ದಾಟುವುದರೊಳಗೆ ಗೊತ್ತಾಗಿಬಿಡುತ್ತಿತ್ತು. ಇದು ಹಾಗಲ್ಲ. ಯಾರೋ ಕೂತು ಯೋಚಿಸಿ, ಎಣ್ಣೆ ಹುಯ್ದು, ಕೈ ಒರೆಸಿಕೊಂಡು, ತಿಂಗಳುಗಟ್ಟಲೆ ಕಾದಿದ್ದಾರೆ.

ಗುಬ್ಬಿಯಲ್ಲಿ ಕೊಬ್ಬರಿ ಎಣ್ಣೆಯ ಗಾಣ ಇಟ್ಟುಕೊಂಡವನು ಅಕ್ಕನ ಗಂಡ ಮೋಹನ್‌ಕುಮಾರ್. ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬಂದಾಗ ಅವಳ ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳೂ ಅವನವೇ. ನಾಲ್ಕು ಜನ ಹಿರಿಯರು ಕೂತು, ಕಾಫಿ ಕುಡಿದು, 'ಗಂಡ ಹೆಂಡ್ತಿ ಅಂದ್ಮೇಲೆ ಬರ್ತದೆ ಹೋಯ್ತದೆ' ಎಂದು ಅವಳನ್ನು ವಾಪಸ್ ಕಳಿಸಿದ್ದರು. ಆವತ್ತು ಅಪ್ಪ ಪುಟ್ಟರಂಗಯ್ಯ ಒಂದು ಮಾತೂ ಆಡದೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಯಶಸ್ವಿನಿ ಮರೆತಿರಲಿಲ್ಲ. ಅಕ್ಕನಿಗಾಗಿ ಒಂದು ಸೇಡು, ಅಪ್ಪನ ಆ ಬೆನ್ನಿಗಾಗಿ ಇನ್ನೊಂದು ಸೇಡು ಅವಳ ಲೆಕ್ಕದಲ್ಲಿತ್ತು.

"ಸಿಕ್ಕಿಬಿದ್ದ," ಎಂದ ಕದರಯ್ಯ. ಗುಬ್ಬಿ ಗಾಣದ ವಿಷಯ ಅವನಿಗೂ ಗೊತ್ತಿತ್ತು. "ಸೀದಾ ಸ್ಟೇಷನ್‌ಗೆ ನಡೀರಿ."

"ಹೋಗಿ ಏನ್ ಹೇಳ್ಲಿ? ಎಣ್ಣೆ ಹಾಕವ್ರೆ ಅನ್ನೋದು ಸಾಬೀತಾಗುತ್ತೆ. ಯಾರು ಹಾಕಿದ್ದು ಅನ್ನೋದು ಆಗಲ್ಲ. ಕೊಬ್ಬರಿ ಎಣ್ಣೆ ಇಲ್ದಿರೋ ಮನೆ ನಮ್ಮ ಜಿಲ್ಲೇಲಿ ಎಲ್ಲಿದೆ ತೋರಿಸಿ ನೋಡೋಣ."

ಕದರಯ್ಯ ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡ.

"ಇದನ್ನ ರಿಪೇರಿ ಮಾಡಿ," ಎಂದಳು ಅವಳು.

"ಸಾಕ್ಷಿನೇ ಹೊಂಟೋಯ್ತದಲ್ಲ."

"ಹೋಗಲ್ಲ. ಬಿಚ್ಚಿದ್ದೆಲ್ಲ ಡಬ್ಬಿಗೆ ಹಾಕಿ ಸೀಲ್ ಮಾಡ್ತೀನಿ, ನೀವು ಸೈನ್ ಹಾಕಿ. ಆದ್ರೆ ಬ್ರೇಕ್ ಸರಿಯಾಯ್ತು ಅನ್ನೋದು ನಮ್ಮಿಬ್ರನ್ನ ಬಿಟ್ಟು ಇನ್ನೊಂದು ನರಪಿಳ್ಳೆಗೆ ಗೊತ್ತಾಗ್ಬಾರ್ದು. ಕೆಟ್ಟಿತ್ತು ಅನ್ನೋದೂ ಗೊತ್ತಾಗ್ಬಾರ್ದು."

"ಯಾಕೆ?"

"ಬಾಗಿಲು ಬದಲಾಯ್ಸಿ ಹಂಗೇ ತಂದಿದೀನಿ ಅಂತ ಭಾವನ ಕೈಗೆ ಕೀ ಕೊಡ್ತೀನಿ. ಬ್ರೇಕ್ ಇಲ್ಲ ಅಂತ ಗೊತ್ತಿರೋನು ಯಾವನೂ ಇದನ್ನ ಓಡ್ಸಲ್ಲ ಕದರಣ್ಣ. ಓಡ್ಸಿದ್ರೂ ಅವನ ಕಾಲೇ ಎಲ್ಲಾ ಹೇಳ್ಬಿಡುತ್ತೆ."

ಕದರಯ್ಯ ಅವಳ ಮುಖವನ್ನೊಮ್ಮೆ ನೋಡಿದ. ಈ ಹೆಂಗಸಿನ ವೈರ ಕಟ್ಟಿಕೊಳ್ಳಬಾರದು ಎಂದು ಅವನಿಗೆ ಅನಿಸಿರಬೇಕು, ಶರಟಿನ ತೋಳು ಮಡಚಿ ಕೆಲಸಕ್ಕಿಳಿದ.

ಹಳೆಯ ಮಾಸ್ಟರ್ ಸಿಲಿಂಡರ್ ಬಿಚ್ಚಿ ಬಂತು. ಅದರೊಳಗಿನ ರಬ್ಬರ್ ವಾಷರುಗಳು ಉಬ್ಬಿ, ಉಗುರು ತಾಗಿದರೆ ಕಿತ್ತು ಬರುವಷ್ಟು ಮೆತ್ತಗಾಗಿದ್ದವು. ಎಣ್ಣೆ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ರಬ್ಬರ್ ಕೆಟ್ಟಿರುತ್ತದೆ ಎಂದು ಚಕ್ರಗಳ ಬಳಿಯ ರಬ್ಬರ್, ಹೋಸ್ ಪೈಪು ಎಲ್ಲವನ್ನೂ ಬದಲಾಯಿಸಿದರು. ಲೈನುಗಳನ್ನು ತೊಳೆದು ಹೊಸ ಆಯಿಲ್ ತುಂಬಿದರು. ಆಮೇಲೆ ದೂರದ ಹಿಂದಿನ ಎಡ ಚಕ್ರದಿಂದ ಶುರುಮಾಡಿ, ಅವಳು ಪೆಡಲ್ ತುಳಿದು ಹಿಡಿಯುವುದು, ಅವನು ನಿಪ್ಪಲ್ ಸಡಿಲಿಸಿ ಗಾಳಿ ಬಿಡುವುದು, ಬಿಗಿಮಾಡಿ 'ಬುಡಿ' ಎನ್ನುವುದು. ಗುಳ್ಳೆ ಬರುವುದು ನಿಲ್ಲುವವರೆಗೂ ಒಂದೊಂದೇ ಚಕ್ರಕ್ಕೆ ಇದೇ ಕೆಲಸ.

ಕೊನೆಗೆ ಯಶಸ್ವಿನಿ ಕಾಲಿಟ್ಟಾಗ ಪೆಡಲ್ ಒಂದಿಷ್ಟು ಇಳಿದು ಕಲ್ಲಿನಂತೆ ನಿಂತಿತು. ಮೈಭಾರವನ್ನೆಲ್ಲ ಹಾಕಿದರೂ ಜಗ್ಗಲಿಲ್ಲ. ಅಕ್ಕನ ಕಾಲಿಗೆ ಸಿಗಬೇಕಾಗಿದ್ದದ್ದು ಇದು ಎಂದುಕೊಂಡಳು.

ಜೀವ ತೆಗೆದ ಗಾಡಿ ಮತ್ತೆ ರಸ್ತೆಗಿಳಿಯಬೇಕಾದರೆ, ಸತ್ತವರ ತವರಿನವರು ಆ ಜಾಗದಲ್ಲಿ ನಿಂಬೆಹಣ್ಣು ಕುಯ್ದು ಕಾಯಿ ಒಡೆದು ಬರಬೇಕು. ಇದು ಅವರ ಮನೆತನದ ಕಡೆ ನಡೆದುಕೊಂಡು ಬಂದದ್ದು. ಯಶಸ್ವಿನಿಗೆ ಇಂಥ ನೆಪ ಹುಡುಕಿದರೂ ಸಿಗುತ್ತಿರಲಿಲ್ಲ; ಪೂಜೆಗೆ ಬರಲು ಭಾವನಿಗೂ ಹೇಳಿದಳು. ಮರುದಿನ ಬೆಳಿಗ್ಗೆ ಕ್ಯಾತ್ಸಂದ್ರದ ಮನೆ ಮುಂದೆ ಕಾರು ನಿಲ್ಲಿಸಿದಾಗ, ಅಪ್ಪ ಬುಟ್ಟಿ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಬಸ್ಸಲ್ಲೇ ಹೋಗಾಣ ಕಣವ್ವ."

"ಕಾರಿಗೆ ಪೂಜೆ ಅಪ್ಪ. ಕಾರು ಬಿಟ್ಟು ಬಸ್ಸಿಗೆ ಮಾಡಕ್ಕಾಗುತ್ತಾ?"

ಮಗಳು ಸತ್ತ ಕಾರಿನಲ್ಲಿ ಕೂರಲು ಯಾವ ಅಪ್ಪನಿಗೆ ತಾನೇ ಮನಸ್ಸು ಬಂದೀತು. ಯಶಸ್ವಿನಿ ತಾನೇ ಕೈಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಬ್ರೇಕ್ ಸರಿಯಿದೆ ಎಂದು ಯಾರಿಗೂ ತಿಳಿಯದಂತೆ ಅದನ್ನು ಆದಷ್ಟು ಮುಟ್ಟದೆ ಗೇರಿನಲ್ಲೇ ನಿಧಾನ ಮಾಡಿಕೊಂಡು, ಹೊಸದಾಗಿ ಕಲಿತವಳಂತೆ ಗುಬ್ಬಿ ಮುಟ್ಟಿಸಿದಳು. ದಾರಿಯುದ್ದಕ್ಕೂ ಅಪ್ಪ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದೇ ಕೂತಿದ್ದ. ಪಾಪ ಎನಿಸಿತು. ಇದೆಲ್ಲ ನಿನಗಾಗಿಯೇ ಅಪ್ಪ, ಸ್ವಲ್ಪ ತಡೆದುಕೋ ಎಂದು ಮನಸ್ಸಿನಲ್ಲೇ ಹೇಳಿದಳು.

ಗಾಣದ ಬಾಗಿಲಲ್ಲಿ ಮೋಹನ್‌ಕುಮಾರ್ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಬಂದ. ಕಾರನ್ನೂ, ನೀಲಿ ಬಾಗಿಲನ್ನೂ ನೋಡಿ ಮುಖ ಸಪ್ಪಗೆ ಮಾಡಿಕೊಂಡ. ನಾಟಕ, ಎಂದುಕೊಂಡಳು ಯಶಸ್ವಿನಿ.

"ಇಂಜಿನ್ ಗಿಂಜಿನ್ ನೋಡಿಸ್ದ್ಯಾ?" ಎಂದ ಅವನು.

"ಬಾಗಿಲು ಮಾತ್ರ ಹಾಕ್ಸಿದೀನಿ ಭಾವ. ಬೇರೆ ಏನೂ ಮುಟ್ಟಿಲ್ಲ."

ಅವನ ಕಣ್ಣು ಕದಲಲಿಲ್ಲ. ಹೂಂಗುಟ್ಟಿ ಮುಂದಿನ ಸೀಟಿನಲ್ಲಿ ಕೂತ. ಗುಬ್ಬಿಯಿಂದ ಒಳರಸ್ತೆ ಹಿಡಿದು ಹೆಬ್ಬೂರು ಸೇರುವವರೆಗೆ ಅವನು ಆಡಿದ್ದು ಒಂದೇ ಮಾತು: "ಹಿಂಗೇ ಸೆಕೆಂಡ್ ಗೇರಲ್ಲಿ ಹೋದ್ರೆ ಕುಣಿಗಲ್ ಮುಟ್ಟೋದು ಯುಗಾದಿಗೇ."

ಹೆಬ್ಬೂರಿನ ಆಚೆ, ಊರು ಮುಗಿಯುವಲ್ಲಿದ್ದ ಟೀ ಅಂಗಡಿಯ ಮುಂದೆ ಅವಳು ಕಾರು ನಿಲ್ಲಿಸಿದಳು. ಅಲ್ಲಿಂದ ಮುಂದೆ ರಸ್ತೆ ನೆಟ್ಟಗೆ, ಖಾಲಿ. ಅದರ ಕೊನೆಗೆ ಇಳಿಜಾರು, ಇಳಿಜಾರಿನ ಕೊನೆಗೆ ಏರಿಯ ತಿರುವು.

"ತೋಳು ನೋಯ್ತಿದೆ ಭಾವ. ಇನ್ನು ನೀವು ಓಡ್ಸಿ."

ಕೀ ಚಾಚಿ ಅವಳು ಅವನ ಮುಖವನ್ನೇ ನೋಡಿದಳು. ಈ ಒಂದು ಗಳಿಗೆಗಾಗಿ ಅವಳು ರಾತ್ರಿಯೆಲ್ಲ ಕಾದಿದ್ದಳು. ಅವನು ಬೆವರಬೇಕಿತ್ತು, ತೊದಲಬೇಕಿತ್ತು, ಬೆನ್ನುನೋವು ಗಿನ್ನುನೋವು ಎಂದು ಏನಾದರೂ ಸಬೂಬು ಹೇಳಬೇಕಿತ್ತು.

ಮೋಹನ್‌ಕುಮಾರ್ ಟೀ ಲೋಟ ಕೆಳಗಿಟ್ಟು ಕೀ ತೆಗೆದುಕೊಂಡ. "ಮೊದ್ಲೇ ಹೇಳೋದಲ್ವಾ," ಎಂದು ಹೋಗಿ ಡ್ರೈವರ್ ಸೀಟಿನಲ್ಲಿ ಕೂತೇಬಿಟ್ಟ.

ಕೊಲೆಗಾರ ಎಂದು ನಂಬಿದವನು ಕೊಲೆಗಾರನಂತೆ ನಡೆದುಕೊಳ್ಳದಿದ್ದರೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಇರಲಿ, ಇನ್ನೂ ಇಳಿಜಾರು ಇದೆ.

ಕಾರು ಹೊರಟಿತು. ಅವನು ಒಂದರ ಮೇಲೊಂದು ಗೇರ್ ಏರಿಸಿದ. ಹಿಂಜರಿಕೆ ಎಂಬುದು ಆ ಕಾಲಿನಲ್ಲಿ ಇರಲೇ ಇಲ್ಲ.

"ಆವತ್ತು ಅಕ್ಕನ ಕೈಗೆ ಕಾರು ಹೆಂಗ್ ಸಿಕ್ತು ಭಾವ? ಕೀ ನೀವು ಯಾರಿಗೂ ಕೊಡ್ತಿರ್ಲಿಲ್ವಲ್ಲ."

"ನನ್ ಜೇಬಲ್ಲೇ ಇರ್ತಿತ್ತು. ಆವತ್ತು ಸಂತೆ, ವ್ಯಾನಲ್ಲಿ ಹೋದೆ. ಶರಟು ಬದಲಾಯ್ಸಿದ್ದೆ, ಕೀ ಹಳೇ ಶರಟಲ್ಲೇ ಉಳ್ಕೊಂಡಿತ್ತು." ಅವನು ಕಿಟಕಿಯ ಗಾಜು ಇಳಿಸಿದ. "ಕುಣಿಗಲ್ ಸ್ಕೂಲಲ್ಲಿ ಇಂಟರ್‌ವ್ಯೂ ಇತ್ತಂತೆ. ನನ್ಗೆ ಹೇಳಿರ್ಲಿಲ್ಲ. ಹೇಳೋ ಹಂಗೆ ನಾನೂ ಇರ್ಲಿಲ್ಲ ಬುಡು."

ಆ ಕೊನೆಯ ಮಾತು ಯಶಸ್ವಿನಿಗೆ ಬೇಡವಾಗಿತ್ತು. ನಾವು ದ್ವೇಷಿಸುವವರ ಬಾಯಲ್ಲಿ ನಿಜ ಬಂದರೆ ಇಟ್ಟುಕೊಳ್ಳಲು ಜಾಗವಿರುವುದಿಲ್ಲ.

ದೂರದಲ್ಲಿ ಕೆರೆಯ ನೀರು ಹೊಳೆಯಿತು.

"ಮೋಹನಾ, ನಿಧಾನ," ಎಂದ ಹಿಂದಿನಿಂದ ಅಪ್ಪ.

"ಖಾಲಿ ರೋಡು ಮಾವ, ಏನೂ ಆಗಲ್ಲ."

"ನಿಧಾನ ಅಂದೆ ಕಣೋ."

ಇಳಿಜಾರು ಶುರುವಾಯಿತು. ಕಾರು ಇನ್ನಷ್ಟು ಓಟ ಹಿಡಿಯಿತು. ಅಪ್ಪ ಎರಡೂ ಸೀಟಿನ ನಡುವೆ ತಲೆ ತೂರಿಸಿದ. ಅವನ ಉಸಿರು ಯಶಸ್ವಿನಿಯ ಕಿವಿಗೇ ಬಡಿಯುತ್ತಿತ್ತು.

"ಈಗಿಂದ್ಲೇ ತುಳ್ಕಂಡ್ ಬಾರೋ. ಒಂದೇ ಸಲಕ್ಕೆ ಹಿಡಿಯಕಿಲ್ಲ ಅದು. ಬುಟ್ಟು ಬುಟ್ಟು ತುಳೀಬೇಕು, ಬುಟ್ಟು ಬುಟ್ಟು ತುಳಿ."

ಮೋಹನ್‌ಕುಮಾರ್ ಆಕ್ಸಿಲರೇಟರಿನಿಂದ ಕಾಲೆತ್ತಿದ. ಬ್ರೇಕಿನ ಕಡೆಗೆ ಅವನ ಕಾಲು ಹೋಗಲಿಲ್ಲ, ಕಣ್ಣು ಕನ್ನಡಿಯ ಕಡೆಗೆ ಹೋಯಿತು. ಗೇರಿನಲ್ಲೇ ಇದ್ದ ಕಾರು ಗೊರಗುಟ್ಟುತ್ತಾ ನಿಧಾನವಾಯಿತು.

"ಏನಂದ್ರಿ ಮಾವ?"

ಯಶಸ್ವಿನಿ ಪೂರ್ತಿ ಹಿಂದಕ್ಕೆ ತಿರುಗಿದಳು. ಬ್ರೇಕಿನ ಮಾತನ್ನು ಅವಳು ಅಪ್ಪನ ಹತ್ತಿರ ಎತ್ತಿರಲೇ ಇಲ್ಲ. ಕದರಯ್ಯ ಅಪ್ಪನನ್ನು ಕಂಡವನೇ ಅಲ್ಲ. ಪೊಲೀಸರ ಪ್ರಕಾರ ಈ ಕಾರಿನ ಬ್ರೇಕಿಗೆ ಏನೂ ಆಗಿರಲಿಲ್ಲ.

"ಬುಟ್ಟು ಬುಟ್ಟು ತುಳೀಬೇಕು ಅಂತ ನಿಂಗ್ಯಾರಪ್ಪ ಹೇಳಿದ್ದು?"

"ಹಳೇ ಗಾಡಿ ಎಲ್ಲಾ ಹಂಗೇಯ."

"ಇದು ನಾಲ್ಕು ವರ್ಷದ್ದು. ನೀನು ಒಂದಿನಾನೂ ಇದ್ರ ಸ್ಟೇರಿಂಗ್ ಹಿಡಿದಿಲ್ಲ."

ಅಪ್ಪ ಬುಟ್ಟಿಯೊಳಗಿನ ತೆಂಗಿನಕಾಯಿಯನ್ನು ನೋಡುತ್ತಾ ಕೂತ. "ಯಾ... ಯಾರೋ ಅಂದ್ರು," ಎಂದು ತೊದಲಿದ. ಎಪ್ಪತ್ತರ ಹತ್ತಿರದ ಆ ಮುಖದಲ್ಲಿ ಯಶಸ್ವಿನಿ ತಾನು ಭಾವನ ಮುಖದಲ್ಲಿ ಹುಡುಕಿದ್ದೆಲ್ಲವನ್ನೂ ಕಂಡಳು. ಬೆವರು, ತೊದಲು, ಸಬೂಬು, ಎಲ್ಲವೂ ಅಲ್ಲಿತ್ತು.

"ಎಣ್ಣೆ ಹಾಕಿದ್ದು ನೀನಾ?"

"ಯಾವ ಎಣ್ಣೆ?" ಎಂದ ಮೋಹನ್‌ಕುಮಾರ್.

"ಅವ್ಳಿಗಲ್ಲ ಕಣವ್ವ," ಎಂದ ಅಪ್ಪ. "ದೇವ್ರಾಣೆಗೂ ಅವ್ಳಿಗಲ್ಲ. ಕೀ ಯಾವಾಗ್ಲೂ ಇವ್ನ ಜೇಬಲ್ಲೇ ಇರ್ತಿತ್ತು. ಅವ್ಳು ಈ ಕಾರು ಮುಟ್ತಾಳೆ ಅಂತ ನಾನು ಕನಸಲ್ಲೂ ಅಂದ್ಕಂಡಿರ್ನಿಲ್ಲ."

"ಯಾವಾಗ?"

"ದೀಪಾವಳಿಗೆ. ಅಳಿಯ ಬಂದವ್ನೆ ಅಂತ ಎಣ್ಣೆ ಕಾಯ್ಸಿ ತಲೆಗೆ ನಾನೇ ಒತ್ತಿದೆ. ಮಣೆ ಮ್ಯಾಲೆ ಕೂರ್ಸಿ, ಅವಳ್ಗೆ ಹೊಡ್ದ ಆ ಕೈಗೂ ನಾನೇ ಎಣ್ಣೆ ಹಚ್ಚಿದೆ. ಇವ್ನು ಬಚ್ಚಲಲ್ಲಿ ನೀರು ಹುಯ್ಕಂತಿದ್ದ. ಕೀ ಗೂಟದ ಶರಟಲ್ಲಿತ್ತು, ಬಟ್ಲಲ್ಲಿ ಎಣ್ಣೆ ಮಿಕ್ಕಿತ್ತು." ಅಪ್ಪನ ದನಿ ಒಡೆಯಿತು. "ನನ್ ಹಳೇ ಟೆಂಪೋಗೆ ಒಂದ್ಸಲ ಬ್ರೇಕ್ ಆಯಿಲ್ ಸಿಗ್ದೆ ಇದೇ ಎಣ್ಣೆ ಹುಯ್ದು, ಗುಂಡೀಲಿ ಬಿದ್ದಿದ್ದೆ. ಅದ್ಕೇ ಗೊತ್ತಿತ್ತು."

ಯಶಸ್ವಿನಿಗೆ ಅಪ್ಪನ ಮೇಲೆ ಕೋಪ ಬರಬೇಕಿತ್ತು. ಬಂದದ್ದು ಭಯ. ಇದೇ ಮೋಹನ್‌ಕುಮಾರನನ್ನು ಏನೇನು ಮಾಡಬೇಕೆಂದು ಅವಳು ತಿಂಗಳಿಂದ ಮನಸ್ಸಿನಲ್ಲಿ ಬೇಯಿಸುತ್ತಿದ್ದಳೋ ಅದನ್ನೇ ಅಪ್ಪ ಅವಳಿಗಿಂತ ಮುಂಚೆ ಮಾಡಿ ಮುಗಿಸಿದ್ದ. ಅದರ ಫಲವನ್ನು ಅಕ್ಕ ಉಂಡಿದ್ದಳು. ಸೇಡು ತೀರಿಸುತ್ತೇನೆಂದು ಅವಳು ಎಳೆದುಕೊಂಡು ಬಂದ ಹಗ್ಗದ ತುದಿಯಲ್ಲಿ ತನ್ನ ಹೆತ್ತಪ್ಪನೇ ಸಿಕ್ಕಿಕೊಂಡಿದ್ದ.

ಮೋಹನ್‌ಕುಮಾರ್ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ. ಆಮೇಲೆ ಕಾರಿನ ನಾಲ್ಕೂ ಬಾಗಿಲು ಒಟ್ಟಿಗೆ ಲಾಕ್ ಆದ ಸದ್ದು ಬಂತು, ಅದರ ಹಿಂದೆಯೇ ಇಂಜಿನ್ ಕಿರುಚಿತು.

"ಹಂಗಾದ್ರೆ ಬ್ರೇಕ್ ಇಲ್ಲ ಇದ್ರಲ್ಲಿ. ಅಲ್ವಾ ಮಾವ?"

"ಮೋಹನಾ, ಬ್ಯಾಡ."

"ನನ್ ತಲೆಗೆ ಎಣ್ಣೆ ಒತ್ತುದ್ರಲ್ಲ, ಆವತ್ತು ಕಣ್ಣಲ್ಲಿ ನೀರು ಬಂದಿತ್ತು ನನ್ಗೆ. ನಮ್ಮಪ್ಪ ಬದುಕಿದ್ರೆ ಹಿಂಗೇ ಒತ್ತೋನು ಅಂದ್ಕೊಂಡಿದ್ದೆ." ಅವನ ಕಾಲು ಆಕ್ಸಿಲರೇಟರಿನ ಮೇಲೆ ಇನ್ನೂ ಒತ್ತಿತು. "ಅವ್ಳು ಕೊನೇಗೆ ಏನ್ ನೋಡಿದ್ಲೋ, ನಾವೂ ನೋಡ್ಬಿಡಾಣ."

"ನನ್ನೊಬ್ಬನ್ನೇ ಕೊಲ್ಲೋ. ನನ್ ಮಗಳು ಕೂತವ್ಳೆ, ಇವಳನ್ನ ಇಳಿಸ್ಬುಡು."

"ಆವತ್ತು ಕೂತಿದ್ದೋಳೂ ನಿಮ್ಮ ಮಗಳೇ."

ಏರಿಯ ಕಲ್ಲುಕಂಬಗಳು ಒಂದೊಂದಾಗಿ ಎಣಿಸಲು ಬರುವಷ್ಟು ಹತ್ತಿರವಾದವು. ಮೊದಲನೆಯದಕ್ಕೆ ಇನ್ನೂ ಬಿಳಿ ಬಣ್ಣ ಮೆತ್ತಿಕೊಂಡಿತ್ತು.

ಬ್ರೇಕ್ ಇದೆ ಎಂದು ಆ ಕಾರಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. 'ಇದೆ ಭಾವ, ತುಳೀರಿ' ಎಂದರೆ ಸಾಕಿತ್ತು. ಆ ಮಾತು ನಾಲಿಗೆಯ ಮೇಲೇ ಇತ್ತು. ಆಡಿದರೆ ಅಕ್ಕನಿಗೆ ಹೊಡೆದ ಕೈಯೂ ಉಳಿಯುತ್ತದೆ, ಎಣ್ಣೆ ಹುಯ್ದ ಕೈಯೂ ಉಳಿಯುತ್ತದೆ, ನಾಳೆ ಬೆಳಿಗ್ಗೆ ಇಬ್ಬರೂ ಎದ್ದು ಕಾಫಿ ಕುಡಿಯುತ್ತಾರೆ.

ಅಪ್ಪ ಹಿಂದಿನಿಂದ ಅವಳ ಹೆಗಲು ಹಿಡಿದು ಅಲುಗಿಸಿದ. "ಯಶೂ, ಏನಾರ ಹೇಳವ್ವ ಇವ್ನಿಗೆ. ನಿನ್ ಮಾತು ಕೇಳ್ತಾನೆ."

ಯಶಸ್ವಿನಿ ಹೆಗಲ ಮೇಲಿನ ಆ ಕೈಯನ್ನು ಬಿಡಿಸಿ ಆಚೆಗಿಟ್ಟಳು. ಬಾಯಿ ಬಿಗಿಹಿಡಿದು, ಎದುರಿಗೆ ಬರುತ್ತಿದ್ದ ತಿರುವನ್ನು ನೋಡುತ್ತಾ ಕುಳಿತಳು.